ಮಿಕ್ಸಿ ಮಣೆ ಮತ್ತು ಬೇಸ್ ಗಿಟಾರು

ಗಿಟಾರು ಮನೆಗೆ ಬಂದ ದಿನ ಪರಮಶಿವಪ್ಪನವರು ಮಾಡಿದ ಮೊದಲ ಕೆಲಸವೆಂದರೆ ಬೆರಳು ಮಡಚಿ ಅದರ ಬೆನ್ನಿಗೆ ಕುಟ್ಟಿದ್ದು. ಹಲಸಿನಹಣ್ಣಾಗಲಿ, ಮಡಕೆಯಾಗಲಿ, ಭಜನೆಯ ಮಂದಿ ಹೊಸದಾಗಿ ತಂದ ತಬಲವಾಗಲಿ, ಅವರ ಪರೀಕ್ಷೆ ಇದೊಂದೇ. ಕುಟ್ಟಿ, ಕಿವಿಗೊಟ್ಟು, ತೀರ್ಪು ಕೊಟ್ಟುಬಿಡುತ್ತಿದ್ದರು. ಮೊಮ್ಮಗಳ ಗಿಟಾರು ಬಾಗಿಲು ಬಡಿದ ಹಾಗೆ ಟಕ್ ಎಂದು ಸುಮ್ಮನಾಯಿತು.

"ಇದಕ್ಕೆ ಹೊಟ್ಟೆನೇ ಇಲ್ಲಲ್ಲವ್ವ," ಎಂದರು. "ಹೊಟ್ಟೆ ಇಲ್ಲದ ವಾದ್ಯಕ್ಕೆ ದನಿ ಎಲ್ಲಿಂದ ಬರ್ತೈತೆ?"

"ಕರೆಂಟಿಂದ ಬರುತ್ತೆ ಅಜ್ಜ. ಇದು ಬೇಸ್ ಗಿಟಾರು," ಎಂದಳು ಮೇಘನಾ.

"ಕರೆಂಟು ಹೋದ್ರೆ?"

ಮೇಘನಾ ಉತ್ತರಕ್ಕಾಗಿ ತಾಯಿಯ ಮುಖ ನೋಡಿದಳು. ಶ್ರೀಲತಾ ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟಳು. ಮಾವನ ಜೊತೆ ವಾದಕ್ಕಿಳಿದರೆ ಹಾಲೂ ಉಕ್ಕುತ್ತದೆ, ವಾದವೂ ಮುಗಿಯುವುದಿಲ್ಲ ಎಂಬುದು ಅವಳಿಗೆ ಮದುವೆಯಾದ ವರ್ಷವೇ ತಿಳಿದಿತ್ತು.

ಆ ಗಿಟಾರು ಬಂದದ್ದು ಅವಳ ಮಾತಿನ ಮೇಲೆ. ಶ್ರೀಲತಾಳ ತಮ್ಮ ಅರುಣ ಸೊರಬದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಅವರ ತಂಡದಲ್ಲಿ ಬೇಸ್ ನುಡಿಸುತ್ತಿದ್ದವನು ಊರು ಬಿಟ್ಟಿದ್ದರಿಂದ ಗಣಪತಿ ಹಬ್ಬದ ಕಾರ್ಯಕ್ರಮಗಳಿಗೆ ಜನ ಬೇಕಾಗಿತ್ತು. ಕಾಲೇಜಿನಲ್ಲಿ ಗೆಳತಿಯ ಗಿಟಾರು ಹಿಡಿದು ಕಲಿತಿದ್ದ ಸೋದರ ಸೊಸೆಯನ್ನು ಅವನು ಕೇಳಿದ. ಡಿಗ್ರಿ ಮುಗಿಸಿ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಘನಾ ಆ ಟ್ಯೂಷನ್ ದುಡ್ಡಿನಲ್ಲೇ ಕೈಗೆಟಕುವಂಥ ಗಿಟಾರೊಂದನ್ನು ಫೋನಿನಲ್ಲಿ ಹುಡುಕಿಟ್ಟಳು. ಅಪ್ಪನನ್ನು ಕೇಳಿದಾಗ ಅವನು ನೋಡೋಣ ಎಂದ. ಆ ಮನೆಯಲ್ಲಿ ನೋಡೋಣ ಎಂದರೆ ಯಾರೂ ಯಾವತ್ತೂ ನೋಡಿದ್ದಿಲ್ಲ. ಶ್ರೀಲತಾಳಿಗೆ ಆ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ತರಿಸು ಹೋಗು. ಕೇಳಿದ್ರೆ ನಾನು ಹೇಳಿದೆ ಅಂತ ಹೇಳು," ಎಂದುಬಿಟ್ಟಳು. ಗಂಡನನ್ನಾಗಲಿ ಮಾವನನ್ನಾಗಲಿ ಕೇಳದೆ ಅವಳು ಆ ಮನೆಗೆ ತರಿಸಿದ ಮೊದಲ ವಸ್ತು ಅದು. ಅದು ಕೆಟ್ಟದ್ದಾದರೆ ಮುಂದೆ ಉಪ್ಪಿನ ಪ್ಯಾಕೆಟಿನ ವಿಷಯಕ್ಕೂ ಅವಳ ಮಾತು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸಂಜೆ ಲೋಕೇಶ ಬಂದ. ಶಿಕಾರಿಪುರದಲ್ಲಿ ಮದುವೆ, ಸಭೆ, ಹಬ್ಬಗಳಿಗೆ ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಹಾಗಾಗಿ ಸೌಂಡಿನ ವಿಷಯದಲ್ಲಿ ಅವನ ಎದುರು ಯಾರೂ ಬಾಯಿ ಬಿಡುವಂತಿರಲಿಲ್ಲ. ಹಳೆಯ ಆಂಪ್ಲಿಫೈಯರೊಂದನ್ನು ಶೆಡ್ಡಿನಿಂದ ಹೊತ್ತು ತಂದು ಪಡಸಾಲೆಯಲ್ಲಿಟ್ಟ, ಗಿಟಾರಿನ ವೈರು ಸಿಕ್ಕಿಸಿದ, ಸ್ವಿಚ್ಚು ಹಾಕಿದ. ಮೇಘನಾ ತಂತಿಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ, ಸ್ಪೀಕರು ಗುಂಯ್ ಎಂದು ಹಿಡಿದುಕೊಂಡಿತು. ಅವಳು ನುಡಿಸಿದರೆ ಆ ಗುಂಯ್‌ಕಾರದ ಅಡಿಯಲ್ಲಿ ಏನೋ ದಪ್ಪನೆಯ ದನಿ ಬಂದಂತೆ ಆಗುತ್ತಿತ್ತು. ನಿಲ್ಲಿಸಿದರೆ ಮತ್ತೆ ಗುಂಯ್.

"ಹಮ್ಮಿಂಗು," ಎಂದ ಲೋಕೇಶ, ರೋಗದ ಹೆಸರು ಹೇಳುವ ಡಾಕ್ಟರನ ಗತ್ತಿನಲ್ಲಿ. "ಒಳಗಿನ ವೈರಿಂಗು ಡೂಪ್ಲಿಕೇಟು. ಅಗ್ಗಕ್ಕೆ ಸಿಕ್ತು ಅಂತ ತಗೊಂಡ್ರೆ ಹಿಂಗೇ ಆಗೋದು."

ಅಗ್ಗ ಎಂಬ ಮಾತು ಆ ಬಾಯಲ್ಲಿ ಬಂದದ್ದಕ್ಕೇ ಶ್ರೀಲತಾಳಿಗೆ ಮೈ ಉರಿಯಿತು. ನಾಬು ತಿರುಗಿಸಲು ಇಕ್ಕಳ ಬೇಕಾಗುವ ಗ್ಯಾಸ್ ಒಲೆ ತಂದದ್ದು ಯಾರು? ಬಾಗಿಲು ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಬೀರು ತಂದದ್ದು ಯಾರು? ಮೂರು ದಿಕ್ಕು ಬಿಟ್ಟು ನಾಲ್ಕನೆಯ ದಿಕ್ಕಿಗೆ ಮಾತ್ರ ಬೀಸುವ ಫ್ಯಾನು ತಂದದ್ದು ಯಾರು? ಎಲ್ಲ ಮನೆಯ ಯಜಮಾನ ಆರಿಸಿ, ಚೌಕಾಸಿ ಮಾಡಿ ತಂದ ಮಾಲು. ಅದೆಲ್ಲ ಮಿತವ್ಯಯ. ಮಗಳು ತಂದದ್ದು ಮಾತ್ರ ಅಗ್ಗ.

"ಎರಡು ಮಿಕ್ಸಿ ಬರ್ತಿತ್ತು ಆ ದುಡ್ಡಿಗೆ," ಎಂದ ಲೋಕೇಶ ಊಟಕ್ಕೆ ಕೂತಾಗ.

"ಇರೋ ಒಂದು ಮಿಕ್ಸಿದು ಮೊದಲು ನೋಡಿ," ಎಂದಳು ಶ್ರೀಲತಾ.

ಆ ಮನೆಯ ಮಿಕ್ಸಿಗೂ ಒಂದು ಕಥೆಯಿತ್ತು. ಅದು ಓಡುವಾಗ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಒದ್ದೆ ಕೈಯಾದರೆ ಮೊಣಕೈವರೆಗೆ ಹತ್ತುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಶ್ರೀಲತಾ ಗಂಡನಿಗೆ ಹೇಳಿದಳು. ಅವನು ಚಪ್ಪಲಿ ಹಾಕಿಕೊಂಡು ರುಬ್ಬು ಎಂದ. ಅಡುಗೆಮನೆಯಲ್ಲಿ ಚಪ್ಪಲಿಯೇ ಎಂದು ಪರಮಶಿವಪ್ಪನವರು ಮೂರು ದಿನ ಸೊಸೆಯ ಕೈಯ ಊಟ ಮಾಡಲಿಲ್ಲ. ಕೊನೆಗೆ ಅತ್ತೆ ಊಟಕ್ಕೆ ಕೂರುವ ಮರದ ಮಣೆಯೊಂದನ್ನು ತಂದು ಮಿಕ್ಸಿಯ ಮುಂದೆ ಹಾಕಿ, ಇದರ ಮೇಲೆ ನಿಂತು ರುಬ್ಬವ್ವ ಎಂದರು. ಅತ್ತೆ ತೀರಿಕೊಂಡರು, ಮಿಕ್ಸಿಗಳೂ ಬದಲಾದವು, ಹೊಸ ಮಿಕ್ಸಿಯೂ ಹಳೆಯದರ ಹಾಗೆಯೇ ಕಚ್ಚಿತು, ಮಣೆ ಮಾತ್ರ ಅಲ್ಲೇ ಉಳಿಯಿತು. ಅದನ್ನು ಎಲ್ಲರೂ ಮಿಕ್ಸಿ ಮಣೆ ಎಂದೇ ಕರೆಯುತ್ತಿದ್ದರು. ಅರಿಸಿನದ ಕೈ, ಎಣ್ಣೆಯ ಕೈ, ಒದ್ದೆ ಕಾಲು ಎಲ್ಲ ಸೇರಿ ಅದರ ಮೇಲೆ ಶ್ರೀಲತಾಳ ಎರಡು ಪಾದಗಳ ಗುರುತು ಬಿದ್ದುಹೋಗಿತ್ತು. ಅವಳು ಮಿಕ್ಸಿ ಕಚ್ಚುವ ಬಗ್ಗೆ ಆಗಾಗ ಹೇಳುತ್ತಲೇ ಇದ್ದಳು. ಲೋಕೇಶ ನೋಡೋಣ ಎನ್ನುತ್ತಲೇ ಇದ್ದ.

ಮುಂದಿನ ವಾರವೆಲ್ಲ ಗಿಟಾರಿನದೇ ಮಾತು. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಗುಂಯ್, ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವಾಗ ಗುಂಯ್. ಪರಮಶಿವಪ್ಪನವರು ಕಿವಿಗೆ ಶಲ್ಯ ಸುತ್ತಿಕೊಂಡು ಅಂಗಳದಲ್ಲಿ ಕೂರತೊಡಗಿದರು. ನೋಡಲು ಬಂದ ನೆಂಟರಿಗೆಲ್ಲ ಲೋಕೇಶ ಸ್ವಿಚ್ಚು ಹಾಕಿ ಹಮ್ಮಿಂಗು ಕೇಳಿಸುತ್ತಿದ್ದ. ಮಗಳು ನುಡಿಸುವುದನ್ನು ಒಬ್ಬರಿಗೂ ಕೇಳಿಸಲಿಲ್ಲ. ಬಂದವರೂ ಕಡಿಮೆಯವರಲ್ಲ. ಒಬ್ಬರು ತಂತಿ ನಾಲ್ಕೇ ಇರುವುದನ್ನು ನೋಡಿ, ಇನ್ನೆರಡು ತಂತಿ ಕೊಡದೆ ಮೋಸ ಮಾಡಿದ್ದಾರೆ, ವಾಪಸ್ಸು ಕೇಳು ಎಂದರು. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ಎಂದು ಹೇಳಿ ಹೇಳಿ ಮೇಘನಾಳ ಗಂಟಲು ಒಣಗಿತು.

ಕರೆಂಟಿನ ಮಾತು ಬಂದರೆ ಪರಮಶಿವಪ್ಪನವರು ತಮ್ಮ ಹಳೆಯ ಕಥೆ ತೆಗೆಯುತ್ತಿದ್ದರು. ಮನೆ ಕಟ್ಟಿಸಿದಾಗ ವೈರಿಂಗಿನವನು ಅಂಗಳದ ಮೂಲೆಯಲ್ಲಿ ಆಳದ ಗುಂಡಿ ತೋಡಿದನಂತೆ. ಇವರು ಹೊರಗಿನಿಂದ ಬಂದು ಇಣುಕಿದರೆ ಒಳಗೆ ಇದ್ದಿಲು, ಅದರ ಮೇಲೆ ಉಪ್ಪು.

"ಹೊಸ ಮನಿ ಅಂಗಳದಾಗೆ ಯಾರಾದ್ರೂ ಇದ್ದಿಲು ಉಪ್ಪು ಹೂಳ್ತಾರಾ? ಮಾಟ ಮಾಡಾಕೆ ಬಂದೀಯೇನೋ ಅಂತ ಅಟ್ಟಿಸಿಕೊಂಡು ಹೋದೆ. ಎಲ್ಲ ತೆಗೆಸಿ, ಗಂಜಳ ಚಿಮುಕಿಸಿ, ಅದೇ ಗುಂಡಿಗೆ ದಾಸವಾಳ ಹಾಕಿದೆ. ನೋಡ್ರಿ, ಈಗ ಪೂಜೆಗೆ ದಿನಾ ಹೂವು."

ಎಲ್ಲರೂ ನಕ್ಕರು. ಹೊಸ ಸೊಸೆಯಾಗಿ ಶ್ರೀಲತಾಳೂ ಈ ಕಥೆಗೆ ನಕ್ಕಿದ್ದಳು. ಆ ವೈರಿಂಗಿನವನು ಗೋಡೆಯಿಂದ ಹೊರಗೆ ಬಿಟ್ಟು ಹೋಗಿದ್ದ ಹಸಿರು ವೈರು ಇನ್ನೂ ಹಾಗೆಯೇ ಇತ್ತು. ಬಾಗಿದ ದಾಸವಾಳದ ಕೊಂಬೆಯನ್ನು ಗೋಡೆಗೆ ಎಳೆದು ಕಟ್ಟಲು ಪರಮಶಿವಪ್ಪನವರು ಅದನ್ನೇ ಬಳಸಿದ್ದರು.

ಶ್ರಾವಣದ ಸೋಮವಾರ ಮನೆಯಲ್ಲಿ ಭಜನೆ ನಡೆಯಿತು. ಲೋಕೇಶ ಅಪ್ಪನಿಗೆ ಮೈಕು ಕೊಟ್ಟ. ಪರಮಶಿವಪ್ಪನವರು ಎಂದಿನಂತೆ ಶಲ್ಯದ ಚುಂಗನ್ನು ಮೈಕಿಗೆ ಸುತ್ತಿ ಹಿಡಿದರು. ಅದು ಅವರ ಠೀವಿ ಎಂದು ಭಜನೆಯ ಮಂದಿ ಭಾವಿಸಿದ್ದರು. ಭಜನೆ ಮುಗಿದ ಮೇಲೆ ಲೋಕೇಶ ಎಲ್ಲರೆದುರೇ ತೀರ್ಮಾನ ಹೇಳಿದ. ಗಣಪತಿ ಹಬ್ಬದೊಳಗೆ ಈ ಹಮ್ಮಿಂಗು ಹೋಗದಿದ್ದರೆ ಗಿಟಾರನ್ನು ಶಿವಮೊಗ್ಗದ ಅಂಗಡಿಗೆ ಬಂದಷ್ಟಕ್ಕೆ ಕೊಟ್ಟುಬಿಡುವುದು, ಮೇಘನಾ ಸೊರಬದ ಆಸೆ ಬಿಡುವುದು.

"ಮೈಕ್ ಸೆಟ್ ಲೋಕೇಶನ ಮಗಳು ಸ್ಟೇಜ್ ಮ್ಯಾಲೆ ನಿಂತು ಗುಂಯ್ ಅನ್ನಿಸಿದ್ಲು ಅಂದ್ರೆ ನಾನು ಊರಾಗೆ ಮುಖ ಹೆಂಗೆ ತೋರಿಸ್ಲಿ?"

"ಹಾಗಾದ್ರೆ ನನ್ನ ಮುಖ ಅಪ್ಪಾಜಿ?" ಎಂದಳು ಮೇಘನಾ. "ಅರುಣ ಮಾವ ನನ್ನ ನಂಬಿಕೊಂಡು ಬೇರೆ ಯಾರನ್ನೂ ಕರೆದಿಲ್ಲ."

"ತರಿಸು ಅಂದೋಳನ್ನ ಕೇಳು."

ತರಿಸು ಅಂದವಳು ಪ್ರಸಾದದ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಗಳು ಅಂದು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಆ ಭಾನುವಾರ ಶ್ರೀಲತಾ ಯಾರನ್ನೂ ಕೇಳಲಿಲ್ಲ. ಅನ್ನ ಸಾರು ಮಾಡಿ ಮುಚ್ಚಿಟ್ಟು, ಮಗಳನ್ನೂ ಗಿಟಾರನ್ನೂ ಕರೆದುಕೊಂಡು ಸೊರಬದ ಬಸ್ಸು ಹತ್ತಿದಳು. ಗಿಟಾರಿನ ಉದ್ದನೆಯ ಚೀಲವನ್ನು ಕಂಡಕ್ಟರ್ ಲಗೇಜು ಎಂದ, ಮೇಘನಾ ವಾದ್ಯ ಎಂದಳು, ಕೊನೆಗೆ ಅದನ್ನು ಶ್ರೀಲತಾ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಳು. ತವರೂರು ಜಡೆಗೆ ಹೋಗುವಾಗಲೆಲ್ಲ ಸೊರಬದಲ್ಲಿ ಬಸ್ಸು ಬದಲಿಸಿದ್ದಳೇ ಹೊರತು, ಒಂದು ಗಿಟಾರಿನ ಯೋಗ್ಯತೆ ಏನೆಂದು ಕೇಳಲು ಅಲ್ಲಿ ಇಳಿದದ್ದು ಇದೇ ಮೊದಲು.

ಆರ್ಕೆಸ್ಟ್ರಾದವರ ಅಭ್ಯಾಸ ತಂಡದ ಯಜಮಾನ ಮಲ್ಲೇಶಪ್ಪನವರ ಮನೆಯ ಮಾಳಿಗೆಯ ಮೇಲೆ. ಸಹಕಾರ ಸಂಘದಲ್ಲಿ ನೌಕರಿ ಮಾಡಿಕೊಂಡು, ಉಳಿದ ಹೊತ್ತೆಲ್ಲ ಹಾಡಿಗೆ ಕೊಟ್ಟ ಮನುಷ್ಯ ಅವರು. ಗಿಟಾರು ಕೈಗೆ ತೆಗೆದುಕೊಂಡು ಒಂದು ಕಣ್ಣು ಮುಚ್ಚಿ, ಬಡಗಿ ಮರದ ಪಟ್ಟಿ ನೆಟ್ಟಗಿದೆಯೇ ಎಂದು ನೋಡುವ ಹಾಗೆ ಅದರ ಕತ್ತಿನ ಉದ್ದಕ್ಕೂ ನೋಡಿದರು. ಪ್ರತಿ ತಂತಿಯನ್ನೂ ಕತ್ತಿನ ಮೇಲಿನ ಪ್ರತಿ ಮನೆಯಲ್ಲಿ ಒತ್ತಿ ಒತ್ತಿ ಕೇಳಿದರು. ಆಮೇಲೆ ಮೇಘನಾಳ ಕೈಗೆ ಕೊಟ್ಟು ವೈರು ಸಿಕ್ಕಿಸಿದರು.

ಶ್ರೀಲತಾ ಗುಂಯ್ ಎನ್ನುವುದನ್ನೇ ಕಾಯುತ್ತ ಸೆರಗು ಹಿಡಿದುಕೊಂಡು ಕೂತಿದ್ದಳು. ಗುಂಯ್ ಬರಲೇ ಇಲ್ಲ. ಸ್ಪೀಕರು ಹಾಕಿದೆಯೋ ಇಲ್ಲವೋ ಎನ್ನುವಷ್ಟು ಮೌನ. ಮೇಘನಾ ದಪ್ಪ ತಂತಿಯನ್ನು ಮೀಟಿದಳು. ದನಿ ಕಿವಿಗಿಂತ ಮೊದಲು ಕೂತ ಚಾಪೆಗೆ ಬಂತು, ಅಲ್ಲಿಂದ ಕಾಲಿಗೆ. ಅರುಣ ಕೀಬೋರ್ಡಿನಲ್ಲಿ ಸೇರಿಕೊಂಡ, ಡ್ರಮ್ಮಿನವನೂ ಸೇರಿಕೊಂಡ. ತನ್ನ ಮಗಳು ಇಷ್ಟು ಚೆನ್ನಾಗಿ ನುಡಿಸುತ್ತಾಳೆಂದು ಶ್ರೀಲತಾಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಆ ಮನೆಯ ಗುಂಯ್ ಬಿಟ್ಟಿದ್ದರೆ ತಾನೇ. ಸಂತೋಷಕ್ಕೂ ಸಿಟ್ಟಿಗೂ ಒಟ್ಟಿಗೇ ಅವಳ ಕಣ್ಣು ತುಂಬಿತು.

"ಇದು ಒಳ್ಳೇದೋ ಕೆಟ್ಟದೋ, ನೇರವಾಗಿ ಹೇಳಿಬಿಡಿ," ಎಂದು ಅವಳು ಮಲ್ಲೇಶಪ್ಪನವರನ್ನು ಕೇಳಿದಳು.

ಅವರು ನೇರವಾಗಿಯೇ ಹೇಳಿದರು. ಕಂಪನಿ ಹಾಕಿದ ತಂತಿ ಚೆನ್ನಾಗಿಲ್ಲ, ಬದಲಿಸಬೇಕು. ದನಿ ಹೆಚ್ಚುಕಡಿಮೆ ಮಾಡುವ ನಾಬು ತಿರುಗಿಸುವಾಗ ಕರಕರ ಎನ್ನುತ್ತದೆ. ಅಂಚಿನ ಲೋಹ ಒಂದೆರಡು ಕಡೆ ಕೈಗೆ ತರಚುತ್ತದೆ, ಅರ ಹಾಕಿದರೆ ಸರಿಹೋಗುತ್ತದೆ. ಆದರೆ ಕತ್ತು ನೆಟ್ಟಗಿದೆ, ಕೂಡಿಸಿದ ಶ್ರುತಿ ಹಾಡಿನ ನಡುವೆ ಇಳಿಯುವುದಿಲ್ಲ. "ದೊಡ್ಡ ಹೆಸರಿನದು ಇದರ ಐದು ಪಟ್ಟು ಆಗತ್ತೆ. ದನಿ ಐದು ಪಟ್ಟು ಆಗೂದಿಲ್ಲ ಮತ್ತೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಂಗಿ. ಕಲಿಯೋರಿಗಷ್ಟೇ ಅಲ್ಲ, ಸ್ಟೇಜಿಗೂ ಸಾಕು."

"ಮತ್ತೆ ನಮ್ಮನೇಲಿ ಯಾಕೆ ಹಾಗೆ ಕೂಗತ್ತೆ ಮಾರಾಯ?" ಎಂದು ಶ್ರೀಲತಾ ತಮ್ಮನನ್ನು ಕೇಳಿದಳು.

ಭಾವನ ಆಂಪ್ಲಿಫೈಯರು ಹಳೆಯದಿರಬೇಕು ಎಂದ ಅರುಣ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರಲಿಲ್ಲ. ಹೊರಡುವಾಗ ಶ್ರೀಲತಾ ಅಂಗಳದ ಮೂಲೆಯಲ್ಲಿ ಸಿಮೆಂಟಿನ ಕಟ್ಟೆಯೊಳಗಿಂದ ಒಂದು ಪೈಪು ತಲೆ ಎತ್ತಿದ್ದನ್ನು ಕಂಡಳು. ಗೋಡೆಯಿಂದ ಇಳಿದ ಹಸಿರು ವೈರು ಆ ಪೈಪಿಗೆ ಬಿಗಿಯಾಗಿ ಕಟ್ಟಿತ್ತು. ಏನದು ಎಂದು ಕೇಳಿದಳು.

"ಅರ್ತಿಂಗ್ ಅಕ್ಕ. ಕೆಳಗೆ ಇದ್ದಿಲು ಉಪ್ಪು ಹಾಕಿರ್ತಾರೆ. ಸೋರೋ ಕರೆಂಟು ನಮ್ಮ ಮೈಗೆ ಬರೋ ಬದಲು ಭೂಮಿಗೆ ಹೋಗತ್ತೆ."

ಇದ್ದಿಲು, ಉಪ್ಪು, ಹಸಿರು ವೈರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ದಾಸವಾಳದ ಗಿಡವೇ ನಿಂತಿತ್ತು.

ಮನೆಗೆ ಬಂದವಳು ಸೀರೆ ಕೂಡ ಬದಲಿಸಲಿಲ್ಲ. ಗಿಟಾರನ್ನು ಆಂಪ್ಲಿಫೈಯರಿಗೆ ಹಾಕಿಸಿದಳು. ಗುಂಯ್ ಎಂದಿತು. ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ತಂತಿಯ ಕೊನೆಯ ಲೋಹಕ್ಕೆ ಕೈ ಹಚ್ಚಿದಳು. ಬೆರಳಿನಿಂದ ಮಣಿಕಟ್ಟಿಗೆ ಜುಮ್ಮೆಂದು ಹತ್ತಿತು. ಹೊಸದೇನಲ್ಲ. ಇಪ್ಪತ್ತು ವರ್ಷಗಳ ಮೇಲಾಯಿತು, ಚಟ್ನಿ ರುಬ್ಬುವಾಗಲೆಲ್ಲ ಅವಳ ಕೈಗೆ ಬಂದು ಹೋಗುತ್ತಿದ್ದ ಅದೇ ಜುಮ್ಮು.

"ನಿನಗೂ ಹೀಗೆ ಆಗ್ತಿತ್ತಾ?" ಎಂದು ಮಗಳನ್ನು ಕೇಳಿದಳು.

ಮೇಘನಾ ತಲೆ ತಗ್ಗಿಸಿದಳು. ಅಪ್ಪಾಜಿಯ ಮೈಕಿಗೆ ಬಾಯಿಟ್ಟು ಹಾಡುತ್ತ ನುಡಿಸಿದರೆ ತುಟಿಗೂ ಹೊಡೆಯುತ್ತಿತ್ತಂತೆ. ಹೇಳಿದರೆ ಅಪ್ಪಾಜಿ ಇನ್ನೊಂದು ದೋಷ ಸಿಕ್ಕಿತೆಂದು ಗಿಟಾರನ್ನು ಮಾರಿಯೇ ಬಿಡುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ಶ್ರೀಲತಾ ತಟ್ಟನೆ ಸ್ವಿಚ್ಚು ಆರಿಸಿದಳು. ಜುಮ್ಮೆನ್ನುವುದು ಒಂದು ದಿನ ಜುಮ್ಮಿಗೇ ನಿಲ್ಲದಿದ್ದರೆ ಏನು ಗತಿ? ತನ್ನ ಕೈಯಾದರೆ ರೂಢಿಯಾಗಿತ್ತು. ಮಗಳ ತುಟಿ ಎಂದ ಕೂಡಲೇ ಅವಳ ತಾಳ್ಮೆಯೆಲ್ಲ ಹರಿದುಹೋಯಿತು.

ಸಂಜೆ ಊಟಕ್ಕೆ ಕೂತಾಗ ಅವಳು ಮಾವನನ್ನು ಕೇಳಿದಳು. "ಮಾವ, ಭಜನೆಗೆ ಮೈಕಿಗೆ ಶಲ್ಯ ಯಾಕೆ ಸುತ್ತುತೀರಿ?"

"ಕಚ್ತೈತಲ್ಲವ್ವ ಅದು."

"ನನಗೆ ಮಿಕ್ಸಿ ಕಚ್ಚತ್ತೆ, ಮೇಘನಾಗೆ ಗಿಟಾರು ಕಚ್ಚತ್ತೆ, ಹಾಡಿದ್ರೆ ತುಟಿಗೇ ಹೊಡೆಯತ್ತೆ, ನಿಮಗೆ ಮೈಕು ಕಚ್ಚತ್ತೆ. ಮೂರೂ ಬೇರೆ ಬೇರೆ ಕಂಪನಿ, ಮನೆ ಮಾತ್ರ ಒಂದೇ. ಗಿಟಾರು ಸೊರಬದಲ್ಲಿ ಉಸಿರೆತ್ತಲಿಲ್ಲ. ಕೆಟ್ಟಿರೋದು ಗಿಟಾರಲ್ಲ, ಈ ಮನೆ ಕರೆಂಟು. ದಾಸವಾಳ ಕಿತ್ತು ಆ ಗುಂಡಿ ಮತ್ತೆ ತೆಗೆಸಬೇಕು."

ಪರಮಶಿವಪ್ಪನವರು ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದರು. ಪೂಜೆಯ ಹೂವಿನ ಗಿಡ ಕಿತ್ತು ಅಲ್ಲಿ ಇದ್ದಿಲು ಹೂಳುವುದೆಂದರೆ ತಾನು ಸತ್ತ ಮೇಲಿನ ಮಾತು ಎಂದರು. ಲೋಕೇಶನಿಗೆ ಬೇರೆಯದೇ ಉರಿ. ಅರ್ತಿಂಗು ಎಂದರೆ ಅವನಿಗೆ ಗೊತ್ತಿಲ್ಲದ ಮಾತಲ್ಲ. ಪೆಂಡಾಲಿನಲ್ಲಿ ನೆಲಕ್ಕೆ ಕಂಬಿ ಹೊಡೆದು ಜನರೇಟರಿಗೆ ಅರ್ತಿಂಗು ಕೊಡುವವನೇ. ತನ್ನ ಮನೆಯಲ್ಲೇ ಅದು ಇಲ್ಲವೆಂದು ಸೊರಬದವರ ಮಾತು ಕೇಳಿ ಬಂದ ಹೆಂಡತಿ ಹೇಳಿದ್ದನ್ನು ಅವನಿಗೆ ತಡೆಯಲಾಗಲಿಲ್ಲ.

"ಮೂವತ್ತು ವರ್ಷದಿಂದ ಮೈಕ್ ಹಾಕ್ತಿದೀನಿ ನಾನು. ಅಲ್ಲಿ ಅವರ ಸಿಸ್ಟಮ್ಮು ದೊಡ್ಡದು, ಹಮ್ಮಿಂಗು ಮುಚ್ಚಿಹೋಗೈತೆ. ಸುಮ್ನೆ ಊಟ ಬಡಿಸು."

ಅವಳು ಊಟ ಬಡಿಸಿದಳು. ಮಾರನೆಯ ಬೆಳಿಗ್ಗೆ ಎದ್ದು ಮಿಕ್ಸಿಯನ್ನು ಒರೆಸಿ, ಬಟ್ಟೆ ಸುತ್ತಿ, ಅಟ್ಟದ ಮೇಲೆ ಇಟ್ಟಳು. ಹಿತ್ತಿಲಲ್ಲಿ ಬೋರಲು ಬಿದ್ದಿದ್ದ ರುಬ್ಬುವ ಕಲ್ಲನ್ನು ತೊಳೆದಳು. ಗುಂಡಿ ತೆಗೆಯುವ ತನಕ ತಾನು ಆ ಮಿಕ್ಸಿ ಮುಟ್ಟುವುದಿಲ್ಲ, ಚಟ್ನಿ ಬೇಕಾದವರು ಕಲ್ಲಿನಲ್ಲಿ ರುಬ್ಬಿಕೊಳ್ಳಲಿ, ತನ್ನ ಸೊಂಟಕ್ಕೆ ಅದು ಆಗದು ಎಂದಳು. ದನಿ ಏರಿಸಲಿಲ್ಲ. ಅದಕ್ಕೇ ಮನೆಯವರಿಗೆ ಸ್ವಲ್ಪ ಹೆದರಿಕೆಯಾಯಿತು.

ಆ ಮನೆಯಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ ಇಲ್ಲದ ಬೆಳಗಿರಲಿಲ್ಲ. ಮೊದಮೊದಲು ಉಪ್ಪಿನಕಾಯಿ ಬಂತು. ಆಮೇಲೆ ಮೊಸರು. ಆಮೇಲೆ ಬೆಲ್ಲ ತುಪ್ಪ. ಸಾರಿಗೆ ರುಬ್ಬಿದ ಮಸಾಲೆ ಇಲ್ಲದೆ ದಿನಾ ತಿಳಿಸಾರು. ಇಡ್ಲಿ, ದೋಸೆಯ ಹೆಸರೇ ನಿಂತುಹೋಯಿತು. ಪರಮಶಿವಪ್ಪನವರು ಮೂರನೆಯ ದಿನ ಬಸವಣ್ಣನ ಗುಡಿಯಿಂದ ಬರುತ್ತ ಹೋಟೆಲಿನ ಚಟ್ನಿ ಕಟ್ಟಿಸಿಕೊಂಡು ಬಂದರು. ಅದು ಹುಳಿ ಬಂದಿತ್ತು. ಲೋಕೇಶ ಒಂದು ಬೆಳಿಗ್ಗೆ ಹಠಕ್ಕೆ ಬಿದ್ದು ತಾನೇ ಕಲ್ಲಿನಲ್ಲಿ ರುಬ್ಬಲು ಕೂತ. ಚಟ್ನಿ ಅರ್ಧ ನೆಲಕ್ಕೆ, ಅರ್ಧ ಲುಂಗಿಗೆ. ಶಾಮಿಯಾನದ ಕಂಬ ಹೊರುವ ಭುಜ ಮಧ್ಯಾಹ್ನಕ್ಕೆ ಮೇಲೇಳಲಿಲ್ಲ.

"ಒಂದು ಗಿಟಾರಿನ ಸಲುವಾಗಿ ಮನಿ ಮಂದೀನೆಲ್ಲ ಉಪವಾಸ ಕೆಡವಿದ್ಯಲ್ಲ," ಎಂದ ಅವನು ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ.

"ಗಿಟಾರಿನ ಸಲುವಾಗಿ ಅಂತ ಯಾರು ಹೇಳಿದ್ದು?" ಎಂದಳು ಶ್ರೀಲತಾ. ಅವನಿಗೆ ಅರ್ಥವಾಗಲಿಲ್ಲ. ಅವಳು ವಿವರಿಸಲೂ ಇಲ್ಲ.

ಗಣಪತಿ ಹಬ್ಬ ಹತ್ತಿರವಾಯಿತು. ಸೊರಬದ ಕಾರ್ಯಕ್ರಮದ ದಿನ ಗೊತ್ತಾಗಿ ಅರುಣ ದಿನಕ್ಕೊಮ್ಮೆ ಫೋನು ಮಾಡತೊಡಗಿದ. ಮೇಘನಾ ವೈರು ಸಿಕ್ಕಿಸದೆ, ದನಿಯಿಲ್ಲದ ತಂತಿಯ ಮೇಲೇ ಬೆರಳು ಆಡಿಸುತ್ತ ಮೂಲೆಯಲ್ಲಿ ಕೂರುತ್ತಿದ್ದಳು. ಅದನ್ನು ನೋಡಿ ನೋಡಿ ಮುದುಕರಿಗೆ ಕಸಿವಿಸಿಯಾಗಿರಬೇಕು. ಒಂದು ಸಂಜೆ ಅವಳ ಪಕ್ಕ ಕೂತು, ಅದು ಕಚ್ಚುವಾಗ ತುಟಿಗೆ ಹೆಂಗಾಗುತ್ತದೆ ಎಂದು ಕೇಳಿದರು.

"ಇರುವೆ ಕಚ್ಚಿದ ಹಾಗೆ ಅಜ್ಜ. ಒಂದ್ಸಲ ನಾಲಿಗೆಗೂ ಹೊಡೀತು."

ಅವರು ತಮ್ಮ ತುಟಿ ಮುಟ್ಟಿ ನೋಡಿಕೊಂಡರು. ಶಲ್ಯ ಮರೆತು ಭಜನೆಗೆ ಕೂತ ದಿನಗಳು ಅವರಿಗೂ ಇದ್ದವು. ಬೆಳಿಗ್ಗೆ ಪೂಜೆ ಮುಗಿಸಿದವರೇ ಮಗನನ್ನು ಕರೆದು ಗುಂಡಿ ತೆಗೆಸು ಎಂದರು. ಷರತ್ತು ಮಾತ್ರ ಅವರದೇ. ಅಮಾವಾಸ್ಯೆ ಕಳೆಯಬೇಕು. ಸೋಮವಾರ ಆಗಬೇಕು. ದಾಸವಾಳವನ್ನು ಬೇರು ನೋಯದಂತೆ ಬಾವಿಕಟ್ಟೆಯ ಬಳಿ ನೆಡಬೇಕು. ಉಪ್ಪು ತಾನೇ ಹಾಕಬೇಕು.

ಸೋಮವಾರ ಗುಂಡಿ ಬಿತ್ತು. ಪರಮಶಿವಪ್ಪನವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದು, ಇಳಿಸುವ ಪೈಪಿಗೆ ಬೆರಳು ಮಡಚಿ ಕುಟ್ಟಿ ನೋಡಿ, ಆಗಬಹುದು ಎಂದರು. ಇದ್ದಿಲಿನ ಮೇಲೆ ಉಪ್ಪು ಸುರಿಯುವಾಗ ಬಾಯಲ್ಲಿ ಶಿವನಾಮ ನಡೆದೇ ಇತ್ತು. ಲೋಕೇಶ ಯಾರ ಮುಖವನ್ನೂ ನೋಡದೆ ದಾಸವಾಳದ ಕೊಂಬೆಯಿಂದ ಹಸಿರು ವೈರು ಬಿಚ್ಚಿ ಪೈಪಿಗೆ ಬಿಗಿದ. ಪಡಸಾಲೆಗೆ ಬಂದು ಸ್ವಿಚ್ಚು ಹಾಕಿದ.

ಏನೂ ಇಲ್ಲ. ಸ್ಪೀಕರು ತುಟಿಪಿಟಿಕ್ಕೆನ್ನಲಿಲ್ಲ. ಮೇಘನಾ ಮೀಟಿದಾಗ ಗೋಡೆಯ ಗಡಿಯಾರ ಸಣ್ಣಗೆ ನಡುಗಿತು. ಅವಳು ಸೊರಬಕ್ಕಾಗಿ ಕಲಿತದ್ದನ್ನೆಲ್ಲ ಒಂದೇ ಸಮನೆ ನುಡಿಸಿದಳು. ಪರಮಶಿವಪ್ಪನವರು ನೆಲಕ್ಕೆ ಅಂಗೈ ಊರಿ, ದನಿ ನೆಲದೊಳಗೆ ಬರುತ್ತಿದೆ ಎಂದು ಬೆರಗಾದರು. ಲೋಕೇಶ ಹೆಂಡತಿಯನ್ನು ಕೂಗಿ ಕರೆದ.

ಶ್ರೀಲತಾ ಅಡುಗೆಮನೆಯಲ್ಲಿದ್ದಳು. ಅಟ್ಟದಿಂದ ಮಿಕ್ಸಿ ಇಳಿಸಿದ್ದಳು. ಮಣೆಯನ್ನು ಕಾಲಿನಿಂದ ಬದಿಗೆ ಸರಿಸಿ, ಬರಿಯ ನೆಲದ ಮೇಲೆ ನಿಂತು, ಬೇಕೆಂದೇ ಕೈ ಒದ್ದೆ ಮಾಡಿಕೊಂಡು, ಓಡುವ ಮಿಕ್ಸಿಯ ಮೇಲೆ ಅಂಗೈ ಇಟ್ಟಳು. ಬರೀ ಅದುರು. ಜುಮ್ಮಿರಲಿಲ್ಲ. ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಬಂದದ್ದು ಅಳು. ಒಂದು ಹಾರೆ, ಒಂದು ಬುಟ್ಟಿ ಇದ್ದಿಲು, ಒಂದು ಬೆಳಗಿನ ಕೆಲಸ. ಇಷ್ಟೇ ಆಗಿತ್ತು ಇದು.

ಶೇಂಗಾ ಚಟ್ನಿ ರುಬ್ಬಿ, ರೊಟ್ಟಿ ತಟ್ಟಿ, ಊಟಕ್ಕೆ ಕರೆದಳು. ಪರಮಶಿವಪ್ಪನವರು ಎರಡು ಸಲ ಚಟ್ನಿ ಹಾಕಿಸಿಕೊಂಡರು. ಶನಿವಾರ ಮೊಮ್ಮಗಳ ಜೊತೆ ತಾವೂ ಸೊರಬಕ್ಕೆ ಹೋಗುವುದಾಗಿ ಹೇಳಿದರು. ಫೋನಿನಲ್ಲಿ ಅರುಣನಿಗೆ ಸುದ್ದಿ ಹೇಳಿ ಮುಗಿಸಿದ ಲೋಕೇಶ, ಎಲ್ಲ ತಾನೇ ಪತ್ತೆ ಹಚ್ಚಿದವನ ಹಾಗೆ ನಗುತ್ತ, ತಟ್ಟೆ ಹಿಡಿದು ಬಂದ.

"ಕೊಟ್ಟ ದುಡ್ಡಿಗೆ ಮೋಸ ಇಲ್ಲ ಬಿಡು ಈ ಗಿಟಾರು," ಎಂದ. "ಇದು ಬರದಿದ್ರೆ ಮನ್ಯಾಗೆ ಅರ್ತಿಂಗ್ ಇಲ್ಲ ಅಂತ ಯಾರಿಗೆ ಗೊತ್ತಾಗ್ತಿತ್ತು?"

ಶ್ರೀಲತಾ ಚಟ್ನಿಯ ಬಟ್ಟಲನ್ನು ಕೆಳಗಿಟ್ಟಳು.

"ನಾನು ಈ ಮನೆಗೆ ಬಂದ ವರ್ಷದಿಂದ ಹೇಳ್ತಾ ಬಂದೆ. ನನಗೆ ಮಣೆ ಕೊಟ್ರಿ. ಗಿಟಾರು ಹೇಳ್ತು, ಗುಂಡಿ ತೆಗೆದ್ರಿ."

ಅವಳು ಒಳಗೆ ಹೋಗಿ ಮಿಕ್ಸಿ ಮಣೆಯನ್ನು ತಂದಳು, ಸೆರಗಿನಿಂದ ಒರೆಸಿ, ಗಂಡ ಕೂರುವ ಜಾಗದಲ್ಲಿ ಹಾಕಿ, ರೊಟ್ಟಿ ತರಲು ಹೋದಳು. ಅದರ ಮೇಲೆ ಅರಿಸಿನದ ಬಣ್ಣದಲ್ಲಿ ಅವಳ ಎರಡು ಪಾದಗಳು ಹಾಗೆಯೇ ಇದ್ದವು. ಅದರ ಮೇಲೆ ಕೂರಲೂ ಆಗದೆ, ಅದನ್ನು ಸರಿಸಲೂ ಆಗದೆ, ಲೋಕೇಶ ತಟ್ಟೆ ಹಿಡಿದು ನಿಂತೇ ಇದ್ದ.